ಪಳಗಿಸದ ಬ್ರೇಕು

ಗಂಗಕ್ಕ, ನಿಮ್ಮ ತಮ್ಮ ಭೀಮಶಿಯ ಸಾವಿಗೆ ಕಾರಣ ನಿಮ್ಮ ಯಜಮಾನರಲ್ಲ. ನಾನು.

ಈ ಒಂದು ಸಾಲು ಬರೆಯುವುದಕ್ಕೆ ನನಗೆ ಹದಿನಾಲ್ಕು ವರ್ಷ ಹಿಡಿಯಿತು. ಬರೆದ ಮೇಲೆ ನೋಡಿದರೆ ಕಾಗದದ ಮೇಲೆ ಅದು ಗೇಣುದ್ದವೂ ಇಲ್ಲ. ಇಷ್ಟು ಸಣ್ಣ ಮಾತನ್ನು ಹೊತ್ತು ಇಷ್ಟು ವರ್ಷ ತಿರುಗಿದೆನಲ್ಲ — ಹೊತ್ತ ನನಗೇ ಸಾಕಾಗಿ ಹೋಗಿದೆ. ಪಾಪಭೀತಿಯಿಂದ ಬರೆಯುತ್ತಿದ್ದೇನೆ ಎಂದು ದೊಡ್ಡ ಮಾತು ಆಡುವುದಿಲ್ಲ. ದಣಿದಿದ್ದೇನೆ, ಅಷ್ಟೇ.

ನಿಮಗೆ ಓದು ಬರುವುದಿಲ್ಲ. ಇದನ್ನು ಓದಿ ಹೇಳುವವಳು ನಿಮ್ಮ ಮಗಳು ಶಾಂತಾ. ಆಕೆ ಆಗ ಇನ್ನೂ ನಿಮ್ಮ ಹೊಟ್ಟೆಯಲ್ಲಿದ್ದಳು. ತನ್ನ ಅಪ್ಪನೇ ತನ್ನ ಸೋದರಮಾವನನ್ನು ಗಾಡಿಯಿಂದ ಬೀಳಿಸಿ ಕೊಂದ ಎಂದು ಕೇಳುತ್ತಲೇ ಬೆಳೆದಿದ್ದಾಳೆ. ಅವಳಿಗೂ ತಿಳಿಯಬೇಕು. ಅದಕ್ಕೆ ನಿಮಗೆ ಗೊತ್ತಿರುವ ಸಂಗತಿಯನ್ನೂ ಬಿಡದೆ ಬರೆಯುತ್ತೇನೆ. ಮಗಳೇ, ನಡುವೆ ನಿಲ್ಲಿಸಬೇಡ. ಎಷ್ಟೇ ಸಿಟ್ಟು ಬಂದರೂ ಕೊನೆಯವರೆಗೆ ಓದು.

ನಾನು ಲಗಮಪ್ಪ. ಗೋಕಾಕದ ಬಸ್ ಸ್ಟ್ಯಾಂಡಿನ ಬಾಜೂದಲ್ಲಿ ಮೋಟರ್ ಸೈಕಲ್ ರಿಪೇರಿ ಮಾಡುವವನು. 'ಫಟಫಟಿ ಲಗಮಪ್ಪ' ಎಂದರೆ ಊರಲ್ಲಿ ಯಾರಾದರೂ ಅಂಗಡಿ ತೋರಿಸುತ್ತಾರೆ. ನಿಮ್ಮ ಯಜಮಾನರು ಸಿದ್ರಾಮಪ್ಪನವರು ದನದ ದವಾಖಾನೆಯ ನೌಕರರು. ಕುಲಗೋಡ, ಮೂಡಲಗಿ ಕಡೆಯ ಕುರುಬರಿಗೆ ಅವರು 'ಕುರಿ ಡಾಕ್ಟರ್'. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜಿಗೆ ಹಾಕಿದ ಒಂದು ಹಳೆಯ ಮೋಟರ್ ಸೈಕಲ್ ಕೊಂಡಿದ್ದರು. ಆಗ ನಮ್ಮ ಭಾಗ ಇನ್ನೂ ಮುಂಬೈ ರಾಜ್ಯದಲ್ಲಿತ್ತು. ತಾಲೂಕಿನಲ್ಲೆಲ್ಲ ಇಂಥ ಗಾಡಿಗಳು ಬೆರಳಲ್ಲಿ ಎಣಿಸುವಷ್ಟು. ಎಲ್ಲೋ ಹಿಂಡಿಗೆ ಬೇನೆ ಬಂದಿದೆ ಎಂದು ಸುದ್ದಿ ಬಂದರೆ ಔಷಧದ ಚೀಲ ಹಿಂದೆ ಕಟ್ಟಿ, ಧೂಳೆಬ್ಬಿಸುತ್ತ ಹೊರಟುಬಿಡುತ್ತಿದ್ದರು. ಕುರುಬರು ಆ ಸದ್ದು ಕೇಳಿಯೇ ಕುರಿಗಳನ್ನು ಕೂಡಿಹಾಕುತ್ತಿದ್ದರಂತೆ. ಇದನ್ನು ಅವರೇ ನಗುತ್ತ ಹೇಳುತ್ತಿದ್ದರು. ಆಗ ಅವರು ನಗುತ್ತಿದ್ದರು, ಅಕ್ಕ.

ನನ್ನ ಅಂಗಡಿ ತೆರೆದು ಆಗಿನ್ನೂ ಏಳೆಂಟು ತಿಂಗಳು. ಪುಣೆಯಲ್ಲಿ ಒಬ್ಬ ಉಸ್ತಾದನ ಕೈಕೆಳಗೆ ಕೆಲಸ ಕಲಿತು ಬಂದಿದ್ದೆ. ಬ್ರೇಕಿನ ಕೆಲಸದಲ್ಲಿ ಆ ಉಸ್ತಾದ ಬಲು ಕಟ್ಟುನಿಟ್ಟು. ಗಾಲಿಯ ನಡುವೆ ಒಂದು ಕಬ್ಬಿಣದ ಡಬ್ಬಿ ಇರುತ್ತದೆ, ಅದರೊಳಗೆ ಅರ್ಧಚಂದ್ರದ ಆಕಾರದ ಎರಡು ತುಂಡು. ಆ ತುಂಡುಗಳ ಬೆನ್ನಿಗೆ ದಪ್ಪ ಪಟ್ಟಿ ಬಡಿದಿರುತ್ತಾರೆ. ಬ್ರೇಕ್ ಒತ್ತಿದರೆ ತುಂಡುಗಳು ಅಗಲವಾಗಿ, ಪಟ್ಟಿ ಡಬ್ಬಿಯನ್ನು ಒಳಗಿನಿಂದ ಕಚ್ಚಿ ಹಿಡಿಯುತ್ತದೆ, ಗಾಲಿ ನಿಲ್ಲುತ್ತದೆ. ಪಟ್ಟಿ ಸವೆದರೆ ಹೊಸದು ಬಡಿಯಬೇಕು. ಆದರೆ ಹೊಸ ಪಟ್ಟಿ ಬಡಿದ ದಿನವೇ ಹಿಡಿಯುವುದಿಲ್ಲ. ಅಲ್ಲೊಂದು ಇಲ್ಲೊಂದು ಕಡೆ ಮಾತ್ರ ತಾಗುತ್ತದೆ. ಅದಕ್ಕೆ ಗಾಡಿಯನ್ನು ಖಾಲಿ ರಸ್ತೆಗೆ ಒಯ್ದು, ಮೆಲ್ಲಗೆ ಓಡಿಸುತ್ತ ಒತ್ತಬೇಕು, ಬಿಡಬೇಕು, ಒತ್ತಬೇಕು, ಬಿಡಬೇಕು. ಆರಲು ಬಿಡಬೇಕು. ಮತ್ತೆ ಬಿಚ್ಚಿ ನೋಡಿ, ಉಬ್ಬಿದ ಕಡೆ ಕಾನಸೆಂಬ ಅರದಿಂದ ಉಜ್ಜಿ, ಮತ್ತೆ ಓಡಿಸಬೇಕು. ಹೀಗೆ ಅರ್ಧ ದಿನ. ಹೊಸ ಹೋರಿಯನ್ನು ನೊಗಕ್ಕೆ ಪಳಗಿಸಿದ ಹಾಗೆ. ನಮ್ಮ ಅಂಗಡಿಯಲ್ಲಿ ಅದಕ್ಕೆ ಅದೇ ಹೆಸರು — ಬ್ರೇಕು ಪಳಗಿಸುವುದು.

ನಾನು ಈ ವಿದ್ಯೆಯನ್ನು ಊರಿಗೆಲ್ಲ ಡಂಗುರ ಸಾರಿದ್ದೆ. ಅಂಗಡಿಯ ಮುಂದಿನ ಕಟ್ಟೆಗೆ ಚಹಾ ಕುಡಿಯಲು ಬರುವ ನಾಲ್ಕಾರು ಜನ ಇರುತ್ತಿದ್ದರಲ್ಲ, ಅವರ ಮುಂದೆ ದಿನಾ ಇದೇ ಪುರಾಣ. "ಪಳಗಿಸದ ಗಾಡಿ ಈ ಲಗಮನ ಹೊಸ್ತಲಾ ದಾಟೂದಿಲ್ರಿ" ಎನ್ನುತ್ತಿದ್ದೆ. ತುಂಬಿದ ಕೊಡ ತುಳುಕುವುದಿಲ್ಲ ಎನ್ನುತ್ತಾರೆ. ನನ್ನದು ಅರ್ಧ ಕೊಡ.

ಆ ವರ್ಷ ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೇಪೂಜೆಯ ಹಿಂದಿನ ದಿನ ಮುಂಜಾನೆ ನಿಮ್ಮ ಯಜಮಾನರು ಗಾಡಿ ತಂದು ನಿಲ್ಲಿಸಿದರು. ಎರಡೂ ಗಾಲಿಯ ಪಟ್ಟಿ ಸವೆದುಹೋಗಿತ್ತು. ಹಬ್ಬ ಮುಗಿಸಿಕೊಂಡು ಒಯ್ಯುತ್ತೇನೆ, ಅವಸರ ಇಲ್ಲ ಎಂದರು. ಖರೆ ಹೇಳುತ್ತೇನೆ, ಅವರು ಅವಸರ ಮಾಡಲೇ ಇಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಪಟ್ಟಿ ಬಡಿದು ಗಾಲಿ ಜೋಡಿಸಿದ್ದೆ. ಪಳಗಿಸಲು ಬೇಕಾದ ಅರ್ಧ ದಿನ ನನ್ನ ಕೈಯಲ್ಲೇ ಇತ್ತು. ಘಟಪ್ರಭಾ ಕಡೆಯ ರಸ್ತೆ ಖಾಲಿ ಇತ್ತು, ಬಿಸಿಲೂ ಇರಲಿಲ್ಲ. ನಾನು ಏನು ಮಾಡಿದೆ ಗೊತ್ತೇ? ಅಂಗಡಿಗೆ ಸುಣ್ಣ ಹೊಡೆದೆ. ಬಾಗಿಲಿನ ಮೇಲೆ ನನ್ನ ಹೆಸರಿನ ಫಳಿ ಬರೆಸಿ ತಂದು ತೂಗುಹಾಕಿದೆ. ಅದು ವಾರೆ ಕಂಡಿತೆಂದು ಇಳಿಸಿ ಮತ್ತೆ ತೂಗುಹಾಕಿದೆ. ನನ್ನ ಸ್ವಂತ ಅಂಗಡಿಯ ಮೊದಲ ಖಂಡೇಪೂಜೆ. ನಾಲ್ಕು ಜನ ಬಂದು ನೋಡಿ ಭಲೆ ಎನ್ನಬೇಕಿತ್ತು. ಬ್ರೇಕು ಗಾಲಿಯ ಒಳಗಿರುತ್ತದೆ, ಯಾರಿಗೆ ಕಾಣುತ್ತದೆ?

ಮರುದಿನ ಪೂಜೆ. ನಮ್ಮ ಕಡೆ ಖಂಡೇಪೂಜೆಗೆ ಕೂಡಿಸಿದ ಹತ್ಯಾರನ್ನು ಮುಟ್ಟುವುದಿಲ್ಲ, ಗಾಲಿ ಉರುಳಿಸುವುದಿಲ್ಲ. ವಿಜಯದಶಮಿಗೆ, ಬನ್ನಿಯ ದಿನ, ಪೂಜೆ ಎತ್ತಿದ ಮೇಲೆಯೇ ಮುಟ್ಟುವುದು. ಹಳ್ಳಿಯಿಂದ ನನ್ನ ಅವ್ವ ಬಂದಿದ್ದಳು. ನಟ್ಟು ಬಿಚ್ಚುವ ಪಾನ, ಸುತ್ತಿಗೆ, ಕಾನಸು ಎಲ್ಲವನ್ನೂ ಎಣ್ಣೆಯಿಂದ ಒರೆಸಿ, ವಿಭೂತಿ ಕುಂಕುಮ ಹಚ್ಚಿ ಸಾಲಾಗಿ ಇಟ್ಟಳು. ನಿಮ್ಮ ಗಾಡಿಗೂ ಚೆಂಡುಹೂವಿನ ಮಾಲೆ ಹಾಕಿದಳು. ನಾನು ಹೊರಗೆ ಬಂದವರಿಗೆ ಫಳಿ ತೋರಿಸುತ್ತ ನಿಂತಿದ್ದೆ.

ಬನ್ನಿಯ ದಿನ ಮುಂಜಾನೆ ಕಾಯಿ ಒಡೆದು ಪೂಜೆ ಎತ್ತಿದೆವು. ಗಾಡಿಯನ್ನು ಬದಿಗೆ ಸರಿಸಲು ಹೋದಾಗ ಗಾಲಿಯ ಕೆಳಗೆ ನೆಲದ ಮೇಲೆ ನಾಲ್ಕು ಹನಿ ಎಣ್ಣೆ ಕಂಡಿತು. ಡಬ್ಬಿಯ ಅಂಚೂ ಮಿರುಗುತ್ತಿತ್ತು. ಪೂಜೆಯ ಎಣ್ಣೆ, ಮೇಲಿನಿಂದ ಇಳಿದಿರಬೇಕು ಎಂದುಕೊಂಡು ಬಟ್ಟೆಯಿಂದ ಒರೆಸಿದೆ. ಮುಂದೆ ಯೋಚಿಸಲಿಲ್ಲ. ಯೋಚಿಸಲಿಲ್ಲ ಎನ್ನುವುದೂ ಪೂರ್ತಿ ಖರೆ ಅಲ್ಲ — ಒಂದು ಕ್ಷಣ ಕೈ ನಿಂತಿತು. ಬಿಚ್ಚಿ ನೋಡಲೇ ಎಂದು ಅನಿಸಿತು. ಅಷ್ಟರಲ್ಲಿ ನಿಮ್ಮ ಯಜಮಾನರು ಬಂದರು, ಜೊತೆಗೆ ಭೀಮಶಿ.

ನಿಮ್ಮನ್ನು ಹುಕ್ಕೇರಿ ಬಾಜೂದ ತವರಿಗೆ ಕರೆದೊಯ್ಯಲು ನಿಮ್ಮ ತಮ್ಮ ಹಿಂದಿನ ದಿನವೇ ಬಂದಿದ್ದನಂತೆ. ನಿಮಗೆ ಏಳು ತಿಂಗಳು. ಈ ರಸ್ತೆಗಳಲ್ಲಿ ಬೇಡ ಎಂದು ನೀವು ಉಳಿದಿರಿ. ಅಳಿಯನಾದರೂ ಹೋಗಿ ನಿಮ್ಮ ಅವ್ವನಿಗೆ ಬನ್ನಿ ಕೊಟ್ಟು ಬರಲಿ ಎಂದು ಕಳಿಸಿದ್ದಿರಿ. ಬಸ್ಸಿಗೆ ಹೋಗೋಣ ಎಂದರಂತೆ ಇವರು. ಭೀಮಶಿ ಕೇಳಲಿಲ್ಲ. ಅವನು ಹುಟ್ಟಿದಾಗಿನಿಂದ ಫಟಫಟಿ ಹತ್ತಿರಲಿಲ್ಲ. ಇಪ್ಪತ್ತು ವರ್ಷದ ಹುಡುಗ, ತಲೆಗೆ ಹೊಸ ಪಟಕಾ ಸುತ್ತಿಕೊಂಡಿದ್ದ. ಗಾಡಿಯ ಸುತ್ತ ಎರಡು ಸಲ ಸುತ್ತಿ, ಸೀಟನ್ನು ಎಮ್ಮೆಯ ಬೆನ್ನು ತಟ್ಟಿದ ಹಾಗೆ ತಟ್ಟಿ, "ಮಾವಾ, ಹಾದ್ಯಾಗ ನಮ್ಮ ಊರ ಮುಂದ ಈಟ ಸಾವಕಾಶ ಹೊಡೀರಿ, ಎಲ್ಲಾರೂ ನೋಡಬೇಕು" ಎಂದ. ಕಟ್ಟೆಯ ಮೇಲಿನವರೆಲ್ಲ ನಕ್ಕರು. ನಾನೂ ನಕ್ಕೆ.

ಆಗ ನಿಮ್ಮ ಯಜಮಾನರು ನನ್ನ ಕಡೆ ತಿರುಗಿ ಕೇಳಿದರು. "ಲಗಮಾ, ಬ್ರೇಕ್ ಪಳಗಿಸೀ ಇಲ್ಲೋ? ಇಲ್ಲಂದ್ರ ಇಲ್ಲ ಅನ್ನು, ಬಸ್ಸಿಗೆ ಹೊಂಟ ಬಿಡ್ತೇವಿ."

ಇದಕ್ಕಿಂತ ಹೆಚ್ಚು ಬಾಗಿಲು ತೆರೆದು ಯಾರು ತಾನೆ ಕೇಳುತ್ತಾರೆ, ಅಕ್ಕ? ಇಲ್ಲ ಎನ್ನಲು ಎಷ್ಟು ಹೊತ್ತು ಬೇಕಿತ್ತು? ಆದರೆ ಕಟ್ಟೆಯ ಮೇಲೆ ನಾಲ್ಕು ಜನ ಕೂತಿದ್ದರು. ಪಳಗಿಸದ ಗಾಡಿ ಹೊಸ್ತಿಲು ದಾಟುವುದಿಲ್ಲ ಎಂದು ನಾನು ಹೇಳಿದ್ದನ್ನು ಹತ್ತು ಸಲ ಕೇಳಿದವರು. ಎರಡು ದಿನ ಗಾಡಿ ಇಟ್ಟುಕೊಂಡು ಸುಣ್ಣ ಹೊಡೆದೆ ಎಂದು ಅವರ ಮುಂದೆ ಹೇಳಲು ನನಗೆ ನಾಲಿಗೆ ಬರಲಿಲ್ಲ.

"ಪಳಗಿಸೇನ್ರಿ ಸಾಹೇಬ್ರ. ಬೇಧಡಕ ಹೋಗ್ರಿ" ಎಂದೆ.

ಅಷ್ಟಕ್ಕೆ ನಿಲ್ಲಿಸಿದ್ದರೂ ಆಗುತ್ತಿತ್ತೇನೋ. ಒಳಗೆ ಅಳುಕಿತ್ತಲ್ಲ, ಅದನ್ನು ಮುಚ್ಚಲು ಇನ್ನೊಂದು ಮಾತು ಸೇರಿಸಿದೆ. "ಹೊಸಾ ಪಟ್ಟಿ ಐತ್ರಿ, ಮೊದಲ ಈಟ ಮೆತ್ತಗ ಅನಸ್ತೈತಿ. ಅದಕ್ಕೇನ ಅಂಜಬ್ಯಾಡ್ರಿ" ಎಂದೆ. ಈ ಎರಡನೆಯ ಮಾತನ್ನು ನಾನು ಮೊದಲನೆಯದಕ್ಕಿಂತ ಹೆಚ್ಚು ಸಲ ನೆನೆದಿದ್ದೇನೆ. ಊರು ದಾಟುವಾಗಲೇ ಬ್ರೇಕು ಹಿಡಿಯುತ್ತಿಲ್ಲವೆಂದು ಅವರಿಗೆ ಗೊತ್ತಾಗಿರಬೇಕು. ಬೇರೆ ಯಾರೇ ಆಗಿದ್ದರೂ ಹೊರಳಿ ಬರುತ್ತಿದ್ದರು. ಅವರು ಬರಲಿಲ್ಲ. ಅಂಜಬೇಡಿ ಎಂದು ನಾನು ಹೇಳಿದ್ದೆನಲ್ಲ.

ಮುಂದಿನದು ನಿಮಗೆ ಗೊತ್ತು. ಹುಕ್ಕೇರಿ ರಸ್ತೆಯಲ್ಲಿ ಗುಡ್ಡ ಇಳಿಯುವ ತಿರುವಿನಲ್ಲಿ ಕುರಿ ಹಿಂಡು ಅಡ್ಡ ಬಂತು. ಇಳಿಜಾರಿನಲ್ಲಿ ಒತ್ತಿ ಒತ್ತಿ ಡಬ್ಬಿ ಬಿಸಿಯಾಗಿ, ಆ ಹೊತ್ತಿಗೆ ಪಟ್ಟಿಯಲ್ಲಿ ಏನೂ ಹಿಡಿತ ಉಳಿದಿರಲಿಕ್ಕಿಲ್ಲ. ಹಿಂಡಿನ ನಡುವೆ ಒಬ್ಬ ಮುದುಕ ಇದ್ದನಂತೆ. ಅವನನ್ನು ಉಳಿಸಲು ಹೊರಳಿಸಿದಾಗ ಗಾಡಿ ಸೇತುವೆಯ ಕಲ್ಲಿಗೆ ಬಡಿಯಿತು. ಇವರು ಗಾಡಿಯ ಅಡಿ ಬಿದ್ದರು. ಭೀಮಶಿ ಕಲ್ಲಿನ ಮೇಲೆ. ಇಬ್ಬರನ್ನೂ ಕಂಬಳಿಯಲ್ಲಿ ಹೊತ್ತು ತಂದವರು ಅದೇ ಕುರುಬರು. ಭೀಮಶಿಯ ಉಸಿರು ದಾರಿಯಲ್ಲೇ ಹೋಯಿತು.

ಗಾಡಿಯನ್ನು ಬಂಡಿಯ ಮೇಲೆ ಹಾಕಿ ನನ್ನ ಅಂಗಡಿಗೇ ತಂದರು. ಮರುದಿನ ಫೌಜದಾರರು ಪಂಚನಾಮೆಗೆ ಬರುತ್ತಾರೆ, ಯಾರೂ ಮುಟ್ಟಬಾರದು ಎಂದು ಹೇಳಿ ಹೋದರು. ಅವರು ಹೋದ ಕೂಡಲೇ ನಾನು ಬಾಗಿಲು ಹಾಕಿಕೊಂಡು ಗಾಲಿ ಬಿಚ್ಚಿದೆ. ಡಬ್ಬಿ ತೆಗೆದಾಗ ಬಂದದ್ದು ಕುಸುಬೆ ಎಣ್ಣೆಯ ವಾಸನೆ, ನಮ್ಮ ಅಡುಗೆಮನೆಯ ವಾಸನೆ. ಹೊಸ ಪಟ್ಟಿ ಎಣ್ಣೆ ಕುಡಿದು ಕಪ್ಪಾಗಿತ್ತು. ಎರಡು ತುದಿಗಳಲ್ಲಿ ಮಾತ್ರ ಡಬ್ಬಿಗೆ ತಾಗಿದ ಗುರುತು. ನಡುವೆಲ್ಲ ಬಡಿದ ದಿನದ ಹಾಗೆಯೇ ಇತ್ತು.

ಒಳಗೆ ಹೋಗಿ ಅವ್ವನನ್ನು ಕೇಳಿದೆ, ಪೂಜೆಯ ದಿನ ಫಟಫಟಿಯ ಗಾಲಿಗೆ ಎಣ್ಣೆ ಹಾಕಿದೆಯಾ ಎಂದು.

"ಹಾಕಿನಿ ಮತ್ತ. ಬಂಡಿ ಗಾಲಿಗೆ ಹಾಕೂದಿಲ್ಲೇನಪಾ? ತಿರಗೂ ಜಾಗಾಕ್ಕ ಎಣ್ಣಿ ಬೇಕಲ್ಲ. ಎರಡೂ ಗಾಲಿಗೆ ಹೊಟ್ಟಿ ತುಂಬ ಉಣಿಸೇನಿ" ಎಂದಳು. ಹೇಳುವಾಗ ಮುಖದಲ್ಲಿ ಹೆಮ್ಮೆ ಇತ್ತು. ಒಕ್ಕಲುತನದ ಮನೆಯ ಹೆಂಗಸು; ಜೀವನವಿಡೀ ಬಂಡಿಯ ಅಚ್ಚಿಗೆ ಎಣ್ಣೆ ಬಿಟ್ಟವಳು. ಎಣ್ಣೆ ಬಿದ್ದರೆ ಕೆಡುವ ಗಾಲಿಯೂ ಒಂದು ಇರುತ್ತದೆಂದು ಆಕೆಗೆ ಹೇಳಬೇಕಾದವನು ನಾನು. ಡಬ್ಬಿಯ ಸಂದಿನಲ್ಲಿ ಗಿಂಡಿ ಬಗ್ಗಿಸಿದ್ದಳು.

ಆಕೆಗೆ ನಾನು ಏನೂ ಹೇಳಲಿಲ್ಲ. ಆಮೇಲೆ ಆರು ವರ್ಷ ಬದುಕಿ, ಏನೂ ಗೊತ್ತಿಲ್ಲದೆ ಕಣ್ಣು ಮುಚ್ಚಿದಳು. ಗಂಗಕ್ಕ, ಇದನ್ನು ಕೇಳಿ ತಪ್ಪು ಆ ಮುದುಕಿಯದು ಎಂದುಕೊಳ್ಳಬೇಡಿ. ಪೂಜೆ ಎತ್ತಿದ ಮೇಲಾದರೂ ಪಳಗಿಸಲು ಗಾಡಿಯನ್ನು ರಸ್ತೆಗೆ ಒಯ್ದಿದ್ದರೆ ಮೊದಲ ಸಲ ಒತ್ತಿದಾಗಲೇ ನನಗೆ ಎಣ್ಣೆ ಗೊತ್ತಾಗುತ್ತಿತ್ತು. ಪಳಗಿಸುವುದು ಇರುವುದೇ ಅದಕ್ಕೆ. ಎಣ್ಣೆ ಹಾಕಿದವಳು ಅವ್ವ, ಸುಳ್ಳು ಹೇಳಿದವನು ನಾನು. ಎಣ್ಣೆಯನ್ನಾದರೂ ತೊಳೆಯಬಹುದಿತ್ತು.

ತೊಳೆದೆ ಕೂಡ, ಎಲ್ಲ ಮುಗಿದ ಮೇಲೆ. ಅದೇ ದಿನ ಬಾಗಿಲು ಹಾಕಿಕೊಂಡು ಪಟ್ಟಿಗಳನ್ನು ಪೆಟ್ರೋಲಿನಲ್ಲಿ ತೊಳೆದೆ, ಮೇಲಿನ ಕಪ್ಪು ಹೋಗುವ ತನಕ ಕಾನಸಿನಿಂದ ಉಜ್ಜಿದೆ, ಪಳಗಿಸಿದ ಪಟ್ಟಿ ಹೇಗೆ ಕಾಣಬೇಕೋ ಹಾಗೆ ಮಾಡಿದೆ. ಅಂಗಡಿಯಲ್ಲಿ ಅಷ್ಟು ಚೊಕ್ಕ ಕೆಲಸವನ್ನು ನಾನು ಅಲ್ಲಿಯವರೆಗೆ ಮಾಡಿರಲಿಲ್ಲ. ಫೌಜದಾರರು ಬಂದು ಬಿಚ್ಚಿ ತೋರಿಸು ಎಂದಾಗ ತೋರಿಸಿದೆ. ಅವರು ಬೆರಳಿನಿಂದ ಮುಟ್ಟಿ ನೋಡಿ, ಸರಿ ಇದೆಯಲ್ಲ ಎಂದು ಬರೆದುಕೊಂಡರು. ನಾನು ಕೆಳಗೆ ಸಹಿ ಮಾಡಿದೆ.

ನಿಮ್ಮ ಯಜಮಾನರು ಆಗ ಘಟಪ್ರಭಾದ ದವಾಖಾನೆಯಲ್ಲಿದ್ದರು. ಕಾಲು ಮುರಿದಿತ್ತು, ತಲೆಗೆ ಪೆಟ್ಟು. ನಾಲ್ಕನೆಯ ದಿನ ಹೋಗಿ ಮಂಚದ ಬಾಜೂ ನಿಂತೆ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಎನ್ನುತ್ತಾರಲ್ಲ, ನೋಡಲು ಹೋದದ್ದಲ್ಲ ನಾನು. ಅವರಿಗೆ ಏನು ನೆನಪಿದೆ ಎಂದು ತಿಳಿಯಲು ಹೋದದ್ದು. ನನ್ನನ್ನು ಕಂಡು ಕೈ ಹಿಡಿದುಕೊಂಡರು.

"ಖರೆ ಹೇಳು ಲಗಮಾ, ನೀ ಪಳಗಿಸಿದ್ದಿ ಹೌದಲ್ಲೋ? ನಾ ಒತ್ತಿದಂಗ ನೆಪ್ಪೈತಿ. ಒತ್ತಿದ್ರ ಗಾಡಿ ನಿಂದ್ರಬೇಕಿತ್ತಲ್ಲ?"

ದೇವರು ಎರಡನೆಯ ಸಲ ಕೇಳಿಸಿದ. ಈ ಸಲ ಕಟ್ಟೆಯ ಮೇಲೆ ಯಾರೂ ಇರಲಿಲ್ಲ.

"ಪಳಗಿಸಿದ್ನಿರಿ" ಎಂದೆ.

ಅವರು ನನ್ನ ಕೈ ಬಿಟ್ಟರು. ಆಮೇಲೆ "ಹಂಗಾದ್ರ ನಾ ಒತ್ತಿಲ್ಲ ಬಿಡು" ಎಂದರು.

ಅಂದೇ ಮಧ್ಯಾಹ್ನ ಫೌಜದಾರರು ಬಂದು ಕೇಳಿದಾಗ ನಾನು ಅಲ್ಲೇ ಇದ್ದೆ. "ಬ್ರೇಕ್ ಬರೋಬ್ಬರಿ ಇತ್ತರಿ. ಲಗಮಾ ಪಳಗಿಸಿ ಕೊಟ್ಟಿದ್ದ, ಅಂವನ ಕೆಲಸದಾಗ ತಪ್ಪಿಲ್ಲ. ನನ್ನ ಕಾಲ ತಡಾ ಮಾಡ್ತು" ಎಂದು ಬರೆಸಿದರು. ನನ್ನನ್ನು ಉಳಿಸಲು ಹೇಳಿದ್ದಲ್ಲ ಅದು. ನಂಬಿ ಹೇಳಿದ್ದು. ನನ್ನ ಮಾತು ಒಂದು ಕಡೆ, ಅವರ ಕಾಲಿನ ನೆನಪು ಒಂದು ಕಡೆ. ಅವರು ನನ್ನ ಮಾತನ್ನು ನಂಬಿ ತಮ್ಮ ಕಾಲನ್ನು ಬಿಟ್ಟುಕೊಟ್ಟರು. ಭೀಮಶಿಯ ಜೀವ ಹೋದದ್ದು ನನ್ನ ಸೋಮಾರಿತನದಿಂದ, ಜಂಬದಿಂದ. ಆದರೆ ದವಾಖಾನೆಯಲ್ಲಿ ಆಡಿದ ಆ ಒಂದು ಮಾತು — ಅದನ್ನು ನಾನು ಕಣ್ಣು ತೆರೆದುಕೊಂಡೇ ಆಡಿದೆ.

ಮೊದಲು ಜೈಲಿನ ಅಂಜಿಕೆ ಇತ್ತು. ಕೆಲವು ವರ್ಷಕ್ಕೆ ಅದು ಹೋಯಿತು, ಅಂಗಡಿಯ ಹೆಸರು ಕೆಡುತ್ತದೆ ಎಂಬ ಚಿಂತೆ ಬಂತು. ಕೊನೆಗೆ ಅದೂ ಉಳಿಯಲಿಲ್ಲ. ಹೇಳದೆ ಇರುವುದೇ ರೂಢಿಯಾಯಿತು, ಹಲ್ಲು ನೋಯುವ ಕಡೆ ಅಗಿಯದೆ ಉಣ್ಣುವುದು ರೂಢಿಯಾದ ಹಾಗೆ. ನಾನು ಇಷ್ಟರಲ್ಲಿ ಮದುವೆಯಾದೆ, ಮಕ್ಕಳಾದವು, ಅಂಗಡಿ ದೊಡ್ಡದಾಯಿತು. ಲಗಮಪ್ಪನ ಬ್ರೇಕಿನ ಕೆಲಸ ಎಂದರೆ ಮೂಡಲಗಿಯಿಂದ ಹುಕ್ಕೇರಿಯ ತನಕ ಹೆಸರು. ಅಂದಿನಿಂದ ಒಂದು ಗಾಡಿಯನ್ನೂ ನಾನು ಪಳಗಿಸದೆ ಬಿಟ್ಟಿಲ್ಲ. ಜನ ಅದನ್ನು ಹೊಗಳುತ್ತಾರೆ.

ನಿಮ್ಮ ಯಜಮಾನರು ಮತ್ತೆ ಗಾಡಿ ಮುಟ್ಟಲಿಲ್ಲ. ಔಷಧದ ಚೀಲ ಹೆಗಲಿಗೆ ಹಾಕಿಕೊಂಡು, ಸಿಕ್ಕಷ್ಟು ದೂರ ಬಸ್ಸಿಗೆ, ಉಳಿದದ್ದು ಆ ಕುಂಟುಗಾಲಿನಲ್ಲಿ ಹೊಲದ ದಾರಿ. ಬೇನೆ ಬಿದ್ದ ಹಿಂಡಿನ ಹತ್ತಿರ ಹೋಗುವ ಹೊತ್ತಿಗೆ ಎಷ್ಟು ಕುರಿ ಸತ್ತಿರುತ್ತಿದ್ದವೋ. ಕುಲಗೋಡಿನ ಬಸ್ಸಿಗೆ ಕಾಯುವಾಗೆಲ್ಲ ನನ್ನ ಕಟ್ಟೆಯ ಮೇಲೆ ಕೂರುತ್ತಿದ್ದರು. ನಾನು ಚಹಾ ತರಿಸುತ್ತಿದ್ದೆ. ನಾವು ಬಿಸಿಲಿನ ಮಾತು, ಮಳೆಯ ಮಾತು ಆಡುತ್ತಿದ್ದೆವು.

ನಿಮ್ಮ ತವರಿನ ಸಂಗತಿ ಅವರ ಬಾಯಿಂದಲೇ ಕೇಳಿದ್ದು. "ನನ್ನ ಮಗನ್ನ ತಿಂದಾವ ನನ್ನ ಹೊಸ್ತಲಾ ತುಳಿಬಾರ್ದು" ಎಂದು ನಿಮ್ಮ ಅವ್ವ ಹೇಳಿದ್ದಳಂತೆ. ಪ್ರತಿ ವರ್ಷ ಬನ್ನಿ ಕೊಡಲು ನೀವು ಒಳಗೆ ಹೋಗುತ್ತಿದ್ದಿರಿ. ಅವರು ಊರ ಹೊರಗೆ ಬಸ್ ನಿಲ್ಲುವ ಕಡೆ ಬೇವಿನ ಮರದ ಕೆಳಗೆ ಕೂತು, ನೀವು ಹೊರಳಿ ಬರುವ ತನಕ ಕಾಯುತ್ತಿದ್ದರು. ಬಂಗಾರದಂಗ ಇರೋಣ ಎಂದು ವೈರಿಗೂ ಬನ್ನಿ ಕೊಡುವ ದಿನ ಅದು. ಮನೆಯಲ್ಲಿ ನೀವು ಅವರಿಗೆ ಬೈದದ್ದಿಲ್ಲ, ಉಣಿಸದೆ ಬಿಟ್ಟದ್ದಿಲ್ಲ. ತಮ್ಮನ ಹೆಸರನ್ನು ಮಾತ್ರ ಅವರ ಮುಂದೆ ಎತ್ತಲಿಲ್ಲವಂತೆ. "ಬೈದಿದ್ರ ಚಲೋ ಇತ್ತು" ಎಂದಿದ್ದರು ಒಮ್ಮೆ. ನಾನು ಚಹಾದ ಬಟ್ಟಲು ತೊಳೆಯುವ ನೆವದಿಂದ ಒಳಗೆ ಹೋದೆ.

ಹೋದ ತಿಂಗಳು ನಿಮ್ಮ ಅವ್ವ ತೀರಿಕೊಂಡ ಸುದ್ದಿ ಬಂತಲ್ಲ, ನೀವು ಮುಂಜಾನೆಯ ಬಸ್ಸಿಗೆ ಹೋಗಿಬಿಟ್ಟಿರಿ. ಕುಲಗೋಡಿನಿಂದ ಇವರು ಬರುವಷ್ಟರಲ್ಲಿ ಮುಂದಿನ ಬಸ್ಸೂ ಹೋಗಿತ್ತು. ನೆಟ್ಟಗೆ ನನ್ನ ಅಂಗಡಿಗೆ ಬಂದರು.

"ಲಗಮಾ, ಮಣ್ಣಿಗೆ ಹೋಗಬೇಕು. ನಿನ್ನ ಫಟಫಟಿ ಮ್ಯಾಲ ಒಯ್ತಿಯೇನು?"

ಹದಿನಾಲ್ಕು ವರ್ಷಗಳ ಮೇಲೆ ಅವರು ಮೋಟರ್ ಸೈಕಲ್ ಹತ್ತಿದರು, ನನ್ನ ಹಿಂದೆ. ಬೇರೆ ಯಾರನ್ನೂ ನಂಬುತ್ತಿರಲಿಲ್ಲವೇನೋ. ಆ ಇಳಿಜಾರು ಬಂತು. ನಾನು ಮೇಲಿನಿಂದಲೇ ಬ್ರೇಕು ಹಿಡಿದು ಬಹಳ ನಿಧಾನವಾಗಿ ಇಳಿಸಿದೆ. ಆಗ ನನ್ನ ಎಡಗಾಲಿನ ಹಿಂದೆ ಏನೋ ಅದುರಿದಂತಾಯಿತು. ಬಗ್ಗಿ ನೋಡಿದೆ. ನಿಮ್ಮ ಯಜಮಾನರ ಎಡಗಾಲು, ಹಿಂದೆ ಕೂತವರು ಕಾಲಿಡುವ ಸಲಾಕೆಯನ್ನು ಒತ್ತುತ್ತಿತ್ತು. ಮೈಯ ಭಾರವನ್ನೆಲ್ಲ ಹಾಕಿ. ಅವರ ಹಳೆಯ ಗಾಡಿಯಲ್ಲಿ ಕಾಲಿನ ಬ್ರೇಕು ಎಡಗಡೆಯೇ ಇತ್ತು. ತಿರುವು ದಾಟಿ ಸಮ ರಸ್ತೆಗೆ ಬರುವ ತನಕ ಆ ಕಾಲು ಸಡಿಲಾಗಲಿಲ್ಲ.

ಮಣ್ಣಿನ ಹತ್ತಿರ ಅವರು ಹೋಗಲಿಲ್ಲ. ದೂರದಲ್ಲಿ ಬದುವಿನ ಮೇಲೆ ನಿಂತರು. ನೀವು ಅವರನ್ನು ನೋಡಿದಿರಿ, ನನಗೆ ಗೊತ್ತು. ನೋಡಿ ಸೆರಗು ಮುಖಕ್ಕೆ ಎಳೆದುಕೊಂಡಿರಿ. ಎಲ್ಲರೂ ಹೋದ ಮೇಲೆ ಅವರು ಕುಂಟುತ್ತ ಹೋಗಿ ಒಂದು ಹಿಡಿ ಮಣ್ಣು ಹಾಕಿ, "ಅತ್ತಿ, ತಪ್ಪಾತು" ಎಂದರು. ಯಾರ ತಪ್ಪು? ಮಾಡಿದವನು ಹತ್ತು ಮಾರು ದೂರದಲ್ಲಿ ಗಾಡಿ ಹಿಡಿದು ನಿಂತಿದ್ದ. ಕೇಳಬೇಕಾದವಳು ಮಣ್ಣಿನಲ್ಲಿದ್ದಳು. ಹಿಂದಿನ ದಿನ ಹೇಳಿದ್ದರೂ ಆಕೆಯ ಕಿವಿಗೆ ಬೀಳುತ್ತಿತ್ತು.

ಹೊರಳಿ ಬರುವಾಗ ಸೇತುವೆಯ ಹತ್ತಿರ ಗಾಡಿ ನಿಲ್ಲಿಸು ಎಂದರು. ಕಲ್ಲಿನ ಮೇಲೆ ಕೂತರು. "ಹದಿನಾಕು ವರ್ಷಾತು ಲಗಮಾ, ದಿನಾ ನೆನಸ್ಕೊಳ್ಳಾಕತ್ತೇನಿ, ಒತ್ತಿದ್ನೋ ಇಲ್ಲೋ ಅಂತ. ಕನಸಿನ್ಯಾಗ ಒತ್ತತೇನಿ. ಎದ್ದ ಮ್ಯಾಲ ಇಲ್ಲ ಅನಸ್ತೈತಿ. ಇಷ್ಟ ಒಂದ ಗೊತ್ತಾದ್ರ ಸಾಕಿತ್ತು" ಎಂದರು.

ಆಗ ಹೇಳಿದೆ. ಧೈರ್ಯ ಬಂದು ಹೇಳಿದ್ದಲ್ಲ, ತಡೆದಿಟ್ಟುಕೊಳ್ಳಲು ಶಕ್ತಿ ಇರಲಿಲ್ಲ. ಸುಣ್ಣ, ಎಣ್ಣೆ, ಪೆಟ್ರೋಲು, ದವಾಖಾನೆಯ ಮಾತು, ಎಲ್ಲ. ಹೇಳಿ ಮುಗಿದ ಮೇಲೆ ಅವರು ಹೊಡೆಯಲಿ ಎಂದು ಕಾದೆ. ಹೊಡೆದಿದ್ದರೆ ನನಗೆ ಹಗುರಾಗುತ್ತಿತ್ತು.

ಅವರು ನನ್ನ ಮುಖ ನೋಡಲೇ ಇಲ್ಲ. ತಮ್ಮ ಎಡಗಾಲನ್ನು ನೋಡುತ್ತ ಕೂತಿದ್ದರು.

"ಅಂದ್ರ ನಾ ಒತ್ತಿದ್ದೆ?" ಎಂದರು.

"ಒತ್ತಿದ್ರಿ ಸಾಹೇಬ್ರ."

"ಒತ್ತಿದ್ದೆ" ಎಂದು ತಮಗೆ ತಾವೇ ಇನ್ನೊಮ್ಮೆ ಹೇಳಿಕೊಂಡರು. ಆಮೇಲೆ ಅತ್ತರು, ಅಕ್ಕ. ಆ ಅಳುವನ್ನು ವರ್ಣಿಸುವ ಹಕ್ಕು ನನಗಿಲ್ಲ.

ಕ್ಷಮಿಸಿದೆ ಎನ್ನಲಿಲ್ಲ ಅವರು. ಎದ್ದು ನಿಂತು, ನೀ ಹೋಗು, ನಾನು ಬಸ್ಸಿಗೆ ಬರುತ್ತೇನೆ ಎಂದರು. ಸಾಹೇಬರೇ, ಗಂಗಕ್ಕನಿಗೆ ಹೇಳಿ ಎಂದೆ. ತಲೆ ಅಲ್ಲಾಡಿಸಿದರು. "ನಾ ಹೇಳಂಗಿಲ್ಲ. ಇಷ್ಟ ವರ್ಷ ನನ್ನ ತಪ್ಪ ಅಂದಾವ, ಅವರವ್ವ ಸತ್ತ ದಿನಾ ಮತ್ತೊಬ್ಬನ ತಪ್ಪ ಅಂದ್ರ ಆಕಿ ನೆವಾ ಅಂತಾಳ. ನೀನ ಹೇಳು" ಎಂದು,  ಆ ಇಳಿಜಾರನ್ನು ಒಬ್ಬರೇ ಹತ್ತಿ ಹೋದರು.

ಅಂದಿನಿಂದ ಅವರು ಕಟ್ಟೆಗೆ ಬಂದಿಲ್ಲ. ನಾನು ನಾಲ್ಕು ಸಲ ನಿಮ್ಮ ಓಣಿಯ ತನಕ ಬಂದು ಹೊರಳಿದೆ. ಬಾಯಿಂದ ಬರುವುದಿಲ್ಲ ಎಂದು ತಿಳಿದ ಮೇಲೆ ಬರೆಯಲು ಕೂತೆ. ಇದೇ ಬರಹದ ಇನ್ನೊಂದು ಪ್ರತಿಯನ್ನು ಸಹಿ ಮಾಡಿ ನಾಳೆ ಫೌಜದಾರರ ಕಚೇರಿಗೆ ಕೊಡುತ್ತೇನೆ. ಇಷ್ಟು ವರ್ಷದ ಮೇಲೆ ಅವರು ಏನು ಮಾಡುತ್ತಾರೋ ಮಾಡಲಿ. ನಿಮ್ಮ ತವರೂರಿನ ಚಾವಡಿಯಲ್ಲಿ ನಿಂತು, ಬಾಯಿಂದ ಬಾರದಿದ್ದರೆ ಇದನ್ನೇ ಓದಿ ಎಲ್ಲರ ಮುಂದೆ ಹೇಳುತ್ತೇನೆ. ಕ್ಷಮೆಯನ್ನು ಕೇಳಲಾರೆ. ಭೀಮಶಿಯ ಹೆಸರನ್ನು ನಿಮ್ಮ ಮನೆಯಲ್ಲಿ ಮತ್ತೆ ಎತ್ತಿರಿ. ಅವನ ನೆನಪಿಗೆ ಅಳುವಾಗ ನಿಮ್ಮ ಯಜಮಾನರನ್ನು ಬಾಜೂ ಕೂಡಿಸಿಕೊಳ್ಳಿ. ಆ ಹುಡುಗನನ್ನು ಉಳಿಸಲು ಅವರು ಕಾಲಿನಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ಒತ್ತಿದ್ದರು, ಗಂಗಕ್ಕ. ಇವತ್ತಿಗೂ ಒತ್ತುತ್ತಲೇ ಇದ್ದಾರೆ. ಸಾಕು ಎಂದು ನೀವು ಹೇಳಿರಿ.